ಹೆಸರಿಲ್ಲದ ರಕ್ತ: ಕೊಪ್ಪಳ ಸೀಮೆಯಲ್ಲಿ ಬಸುರಿಯರ ಎಚ್‌ಐವಿ ಪರೀಕ್ಷೆಯ ಚರಿತ್ರೆ

ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಸ್ಥಾಪನೆಯಾದದ್ದೂ ಅದೇ ವರ್ಷ. ಗರ್ಭಿಣಿಯರ ರಕ್ತದ ಮೂಲಕ ಎಚ್‌ಐವಿ ಸೋಂಕಿನ ಹರಡುವಿಕೆಯನ್ನು ದೇಶದಾದ್ಯಂತ ಅಳೆಯುವ ಕಣ್ಗಾವಲು ಸಮೀಕ್ಷೆ ವ್ಯವಸ್ಥಿತ ರೂಪ ಪಡೆದದ್ದು ಅದರ ಮರುವರ್ಷ, 1998ರಲ್ಲಿ. ಹೀಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಹೊಸ ಜಿಲ್ಲಾಡಳಿತದ ವಯಸ್ಸೂ, ಈ ನಾಡಿನ ಬಸುರಿಯರನ್ನು ಎಚ್‌ಐವಿ ಪರೀಕ್ಷೆಗೆ ಒಳಪಡಿಸುವ ಸರ್ಕಾರಿ ಪ್ರಯತ್ನದ ವಯಸ್ಸೂ ಹೆಚ್ಚುಕಡಿಮೆ ಒಂದೇ ಆಗಿದೆ. 1998ರ ನಂತರದ ಎರಡು ದಶಕಗಳಲ್ಲಿ ಪರೀಕ್ಷೆ ಏಕೆ ನಡೆಯಲಿಲ್ಲ, ಅಥವಾ ತಡವಾಗಿ ನಡೆಯಿತು ಎಂಬ ಪ್ರಶ್ನೆಗೆ ವರದಿಗಳು ಸಾಮಾನ್ಯವಾಗಿ ಕೊಡುವ ಉತ್ತರವೆಂದರೆ ಮಹಿಳೆಯರ ಅಜ್ಞಾನ, ಭಯ ಮತ್ತು ಹಿಂಜರಿಕೆ. ಆ ಉತ್ತರ ಪೂರ್ತಿ ಸುಳ್ಳಲ್ಲವಾದರೂ ಘಟನೆಗಳ ಕ್ರಮವನ್ನು ಅದು ಮರೆಮಾಚುತ್ತದೆ: ಪರೀಕ್ಷೆ ಮೊದಲು ಬಂದಿತು, ಮಗುವಿಗೆ ಔಷಧ ಆಮೇಲೆ ಬಂದಿತು, ತಾಯಿಗೆ ಚಿಕಿತ್ಸೆ ಎಲ್ಲಕ್ಕಿಂತ ಕೊನೆಗೆ ಬಂದಿತು. ಕೊಪ್ಪಳದ ಹೆಂಗಸರ ಹಿಂಜರಿಕೆಯ ಬಹುಪಾಲು ಹುಟ್ಟಿದ್ದು ಈ ಮೂರರ ನಡುವಿನ ಅಂತರದಲ್ಲಿ.

ಜಿಲ್ಲೆಯ ಭೂಗೋಳವೇ ಈ ಕಥೆಯ ಅರ್ಧ ಭಾಗವನ್ನು ಹೇಳುತ್ತದೆ. ಮುನಿರಾಬಾದಿನ ಬಳಿ ತುಂಗಭದ್ರೆಗೆ 1953ರ ಹೊತ್ತಿಗೆ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿಯ ಎರೆಭೂಮಿ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ಲಾರಿಗಳ ಓಡಾಟ, ಹೊರಗಿನ ಕೂಲಿಗಳು ಬಂದು ಅಲ್ಲಿ ಹಣ ಮತ್ತು ಜನ ಎರಡೂ ಚಲಿಸತೊಡಗಿದವು. ಕುಷ್ಟಗಿ, ಯಲಬುರ್ಗಾಗಳದ್ದು ತದ್ವಿರುದ್ಧ ಸ್ಥಿತಿ. ಮಳೆಯನ್ನೇ ನಂಬಿದ ಮಸಾರಿ ಹೊಲಗಳ ಈ ಎರಡು ತಾಲ್ಲೂಕುಗಳನ್ನು ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತು. ಸುಗ್ಗಿ ಮುಗಿದ ಮೇಲೆ ಇಲ್ಲಿನ ಕುಟುಂಬಗಳು ಮಂಗಳೂರು, ಗೋವಾ, ಬೆಂಗಳೂರು, ಪುಣೆಗಳ ಕಟ್ಟಡದ ಕೆಲಸಕ್ಕೆ, ಇಟ್ಟಿಗೆ ಭಟ್ಟಿಗಳಿಗೆ ಹೋಗಿ, ಮುಂಗಾರಿನ ಹೊತ್ತಿಗೆ ಮರಳುವುದನ್ನು ಊರವರು ಗುಳೆ ಎನ್ನುತ್ತಾರೆ. ಕೆಲವೊಮ್ಮೆ ಗಂಡ ಒಬ್ಬನೇ ಹೋಗುತ್ತಾನೆ, ಕೆಲವೊಮ್ಮೆ ಬಸುರಿ ಹೆಂಡತಿಯೂ ಜೊತೆಗೆ ಹೋಗುತ್ತಾಳೆ. ಸೊಲ್ಲಾಪುರದಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿ ಕುಷ್ಟಗಿಯ ಮೂಲಕವೇ ಹಾದುಹೋಗುವುದರಿಂದ ದೂರದ ಲಾರಿ ಸಂಚಾರವೂ ಈ ಒಣನಾಡಿಗೆ ಹೊಸದಲ್ಲ.

ಕಾಯಿಲೆಯ ಬಗ್ಗೆ ಜನರಲ್ಲಿ ಮೂಡಿದ ಮೊದಲ ಚಿತ್ರವು ಪರೀಕ್ಷೆಯ ಎದುರು ನಿಂತ ಮೊದಲ ಗೋಡೆಯೂ ಆಯಿತು. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆ ಹಚ್ಚಿದ್ದು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರಲ್ಲಿ. 1992ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವೂ ತನ್ನ ಗಮನವನ್ನು ಬಹುಮಟ್ಟಿಗೆ ರಕ್ತನಿಧಿಗಳ ಸುರಕ್ಷತೆಯ ಮೇಲೂ, ಹೆಚ್ಚು ಅಪಾಯದ ಗುಂಪುಗಳೆಂದು ಗುರುತಿಸಿದವರ ಮೇಲೂ ಇರಿಸಿತು. ಕೊಪ್ಪಳ ಸೀಮೆಯಲ್ಲಿ ಆ ಗುಂಪಿನ ಹೆಸರು ಜನರಿಗೆ ಮೊದಲೇ ಗೊತ್ತಿತ್ತು. ಹುಲಿಗಿಯ ಹುಲಿಗೆಮ್ಮ, ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತ್ತಾದರೂ ಅದರ ಬಲಿಪಶುಗಳು ಈ ಹಳ್ಳಿಗಳಲ್ಲೇ ಬದುಕುತ್ತಿದ್ದರು. ಗೋಡೆಬರಹ, ಬೀದಿನಾಟಕ, ಬಾನುಲಿ ಪ್ರಕಟಣೆಗಳೆಲ್ಲ ಏಡ್ಸನ್ನು ಅನೈತಿಕ ಸಂಬಂಧದ ಶಿಕ್ಷೆಯೆಂಬಂತೆ ಬಿಂಬಿಸಿದಾಗ ಎರಡು ಅನ್ಯಾಯಗಳು ಒಟ್ಟಿಗೇ ನಡೆದವು: ದೇವದಾಸಿಯರ ಮೇಲಿದ್ದ ಹಳೆಯ ಕಳಂಕಕ್ಕೆ ವೈದ್ಯಕೀಯ ಮುದ್ರೆ ಬಿದ್ದಿತು, ಮದುವೆಯಾಗಿ ಒಬ್ಬನೇ ಗಂಡನೊಂದಿಗೆ ಬಾಳುತ್ತಿದ್ದ ಗೃಹಿಣಿಗೆ ಆ ಕಾಯಿಲೆ ತನಗೆ ಸಂಬಂಧಿಸಿದ್ದೇ ಅಲ್ಲವೆಂಬ ಭರವಸೆ ಸಿಕ್ಕಿತು. ಸೋಂಕಿತ ಹೆಂಗಸರಲ್ಲಿ ಬಹುಪಾಲಿನವರಿಗೆ ಅದು ತಗಲಿದ್ದು ಗಂಡನಿಂದಲೇ ಎಂಬುದು ಕಾರ್ಯಕರ್ತರಿಗೆ ಸ್ಪಷ್ಟವಾಗುವ ಹೊತ್ತಿಗೆ ಈ ಚಿತ್ರ ಜನಮನದಲ್ಲಿ ಗಟ್ಟಿಯಾಗಿ ಕೂತಿತ್ತು. ತನಗೆ ಅಪಾಯವಿದೆ ಎಂದು ಒಪ್ಪಿ ರಕ್ತ ಕೊಡುವುದೆಂದರೆ ತನ್ನ ಇಲ್ಲವೇ ಗಂಡನ ನಡತೆಯ ಬಗ್ಗೆ ಹೇಳಿಕೆ ಕೊಟ್ಟಂತೆ ಎಂಬ ಅರ್ಥ ಪರೀಕ್ಷೆಗೆ ಅಂಟಿಕೊಂಡಿತು.

ಹೀಗಿದ್ದರೂ ಬಸುರಿಯರ ರಕ್ತದ ಪರೀಕ್ಷೆ ನಡೆಯುತ್ತಲೇ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಕಣ್ಗಾವಲು ಸಮೀಕ್ಷೆಯ ವಿಧಾನ ಹೀಗಿತ್ತು: ಆಯ್ದ ಸರ್ಕಾರಿ ಆಸ್ಪತ್ರೆಯ ಗರ್ಭಿಣಿಯರ ಹೊರರೋಗಿ ವಿಭಾಗಕ್ಕೆ ಮೂರು ತಿಂಗಳ ಅವಧಿಯಲ್ಲಿ ಬಂದ 400 ಮಹಿಳೆಯರಿಂದ ಸಿಫಿಲಿಸ್ ಮುಂತಾದ ವಾಡಿಕೆಯ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಒಂದು ಪಾಲನ್ನು ಉಳಿಸಿ, ಅದರ ಮೇಲಿನ ಹೆಸರು ಮತ್ತು ಗುರುತುಗಳನ್ನೆಲ್ಲ ಅಳಿಸಿ, ವಯಸ್ಸು, ಶಿಕ್ಷಣ, ಗಂಡನ ಉದ್ಯೋಗದಂಥ ಕೆಲವೇ ವಿವರಗಳೊಂದಿಗೆ ಎಚ್‌ಐವಿ ಪರೀಕ್ಷೆಗೆ ಕಳುಹಿಸಲಾಗುತ್ತಿತ್ತು. ಹೆಸರು ಅಳಿಸಿದ ಮೇಲೆ ಯಾರಿಗೂ ಫಲಿತಾಂಶ ಹೇಳುವಂತಿಲ್ಲ; ಹೇಳಲು ಬಾರದಿರುವುದೇ ಆ ವಿಧಾನದ ವೈಜ್ಞಾನಿಕ ಶುದ್ಧತೆ. ಗರ್ಭಿಣಿಯರನ್ನು ಆರಿಸಿಕೊಂಡದ್ದಕ್ಕೂ ಕಾರಣವಿತ್ತು: ಸಾಮಾನ್ಯ ಜನರ ನಡುವೆ ಸೋಂಕು ಎಷ್ಟಿದೆ ಎಂಬುದಕ್ಕೆ ಅವರೇ ಸುಲಭವಾಗಿ ಸಿಗುವ ಪ್ರತಿನಿಧಿಗಳು. ಈ ಲೆಕ್ಕದ ಆಧಾರದ ಮೇಲೆಯೇ ಕರ್ನಾಟಕವನ್ನು ತಮಿಳುನಾಡು, ಆಂಧ್ರಪ್ರದೇಶ, ಮಹಾರಾಷ್ಟ್ರ, ಮಣಿಪುರ, ನಾಗಾಲ್ಯಾಂಡ್‌ಗಳೊಂದಿಗೆ ಸೋಂಕು ಹೆಚ್ಚಿರುವ ಆರು ರಾಜ್ಯಗಳಲ್ಲಿ ಒಂದೆಂದು ಘೋಷಿಸಲಾಯಿತು. ಗರ್ಭಿಣಿಯರಲ್ಲಿ ಸೋಂಕು ಶೇ. 1ನ್ನು ಮೀರಿದ ಜಿಲ್ಲೆಗಳನ್ನು ಮುಂದೆ 2007ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತದಲ್ಲಿ 'ಎ' ವರ್ಗಕ್ಕೆ ಸೇರಿಸಿದಾಗ ಕರ್ನಾಟಕದ ಬಹುತೇಕ ಜಿಲ್ಲೆಗಳು ಅದರಲ್ಲಿದ್ದವು. ಅಂಕಿಅಂಶಕ್ಕೆ ಇದರಿಂದಾದ ಲಾಭ ದೊಡ್ಡದು. ಆದರೆ ನೂರರಲ್ಲಿ ಒಬ್ಬಳಿಗೆ ಸೋಂಕಿದೆ ಎಂದು ಸರ್ಕಾರಕ್ಕೆ ಗೊತ್ತಾಗಿ, ಆ ಒಬ್ಬಳಿಗೆ ಮಾತ್ರ ಗೊತ್ತಾಗದೆ ಹೆರಿಗೆಯೂ ಬಾಣಂತನವೂ ಮುಗಿದುಹೋಗುವ ಈ ಏರ್ಪಾಟು, ಗರ್ಭಿಣಿಯ ದೇಹವನ್ನು ಆರೋಗ್ಯ ವ್ಯವಸ್ಥೆ ಮೊದಲು ಏನೆಂದು ಕಂಡಿತೆಂಬುದಕ್ಕೆ ಸಾಕ್ಷಿಯಾಗಿದೆ: ಆಕೆ ರೋಗಿಯಾಗುವ ಮೊದಲು ಅಳತೆಗೋಲಾಗಿದ್ದಳು.

ಇಷ್ಟರಲ್ಲಿ ವೈದ್ಯಶಾಸ್ತ್ರ ಮುಂದುವರಿದಿತ್ತು. ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದು ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಮತ್ತು ಎದೆಹಾಲಿನ ಮೂಲಕ. ಯಾವ ಔಷಧವನ್ನೂ ಕೊಡದಿದ್ದರೆ ಇಂಥ ತಾಯಂದಿರಿಗೆ ಹುಟ್ಟಿದ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ಗಳ ಅಧ್ಯಯನವೊಂದು ಝಿಡೋವುಡಿನ್ ಎಂಬ ಔಷಧವನ್ನು ಗರ್ಭಾವಸ್ಥೆಯಲ್ಲೇ ಕೊಡತೊಡಗಿದರೆ ಈ ಪ್ರಮಾಣ ಶೇ. 25.5ರಿಂದ ಶೇ. 8.3ಕ್ಕೆ ಇಳಿಯುವುದೆಂದು ತೋರಿಸಿತು. ಆದರೆ ವಾರಗಟ್ಟಲೆ ಮಾತ್ರೆ, ಹೆರಿಗೆಯಲ್ಲಿ ರಕ್ತನಾಳದ ಮೂಲಕ ಔಷಧ ಬೇಕಾಗಿದ್ದ ಆ ಕ್ರಮ ಬಡ ದೇಶಗಳಿಗೆ ದುಬಾರಿಯಾಗಿತ್ತು. 1999ರಲ್ಲಿ ಉಗಾಂಡದ ಕಂಪಾಲಾದಿಂದ ಬಂದ ಫಲಿತಾಂಶ ಲೆಕ್ಕಾಚಾರವನ್ನೇ ಬದಲಿಸಿತು. ಹೆರಿಗೆ ನೋವು ಆರಂಭವಾದಾಗ ತಾಯಿಗೆ 200 ಮಿಲಿಗ್ರಾಂ ನೆವಿರಪಿನ್‌ನ ಒಂದೇ ಒಂದು ಮಾತ್ರೆ, ಹುಟ್ಟಿದ ಮೂರು ದಿನಗಳೊಳಗೆ ಮಗುವಿಗೆ ಅದರದೇ ಒಂದು ಹನಿಮದ್ದು ಕೊಟ್ಟರೆ ಸೋಂಕು ದಾಟುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತಿತ್ತು. ಭಾರತವು 2000ದಲ್ಲಿ 11 ದೊಡ್ಡ ಆಸ್ಪತ್ರೆಗಳಲ್ಲಿ ಝಿಡೋವುಡಿನ್‌ನೊಂದಿಗೆ ಪ್ರಾಯೋಗಿಕ ಹೆಜ್ಜೆ ಇಟ್ಟು, ಬೇಗನೆ ನೆವಿರಪಿನ್‌ಗೆ ಹೊರಳಿ, ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ಕಾರ್ಯಕ್ರಮವನ್ನು ಮೊದಲು ವೈದ್ಯಕೀಯ ಕಾಲೇಜುಗಳಿಗೆ, ಆಮೇಲೆ ಜಿಲ್ಲಾ ಆಸ್ಪತ್ರೆಗಳಿಗೆ, ಕಡೆಗೆ ತಾಲ್ಲೂಕುಗಳಿಗೆ ಹಂತಹಂತವಾಗಿ ವಿಸ್ತರಿಸಿತು.

ಕಂಪಾಲಾದ ದೊಡ್ಡ ಆಸ್ಪತ್ರೆಯಲ್ಲಿ ಸರಳವಾಗಿದ್ದ ಈ ಒಂದು ಮಾತ್ರೆ ಯಲಬುರ್ಗಾದ ಹಳ್ಳಿಗೆ ಬಂದಾಗ ಸರಳವಾಗಿ ಉಳಿಯಲಿಲ್ಲ. ಅದು ಫಲ ಕೊಡಬೇಕಾದರೆ ಹೆಂಗಸು ಹೆರಿಗೆಗೆ ಮೊದಲೇ ಆಸ್ಪತ್ರೆಗೆ ಬರಬೇಕು, ರಕ್ತ ಕೊಡಬೇಕು, ಫಲಿತಾಂಶ ತಿಳಿಯಬೇಕು, ನೋವು ಕಾಣಿಸಿಕೊಂಡ ಗಳಿಗೆಯಲ್ಲಿ ಮಾತ್ರೆ ಆಕೆಯ ಕೈಯಲ್ಲಿರಬೇಕು, ಹುಟ್ಟಿದ ಮಗು ಎಪ್ಪತ್ತೆರಡು ಗಂಟೆಗಳೊಳಗೆ ಮತ್ತೆ ಆರೋಗ್ಯ ಸಿಬ್ಬಂದಿಯ ಕಣ್ಣಿಗೆ ಬೀಳಬೇಕು. ಆ ವರ್ಷಗಳಲ್ಲಿ ಈ ಭಾಗದ ಹೆರಿಗೆಗಳಲ್ಲಿ ಬಹುಪಾಲು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ ನಡೆಯುತ್ತಿದ್ದವು. ಅದರಲ್ಲೂ ಚೊಚ್ಚಲ ಹೆರಿಗೆಗೆ ಕುಬಸ ಮುಗಿಸಿಕೊಂಡು ತವರಿಗೆ ಹೋಗುವುದು ಇಲ್ಲಿನ ರೂಢಿ; ಗಂಡನ ಮನೆ ಕುಷ್ಟಗಿ ತಾಲ್ಲೂಕಿನಲ್ಲಿದ್ದು ತವರು ಗಂಗಾವತಿಯದೋ ಪಕ್ಕದ ಬಾಗಲಕೋಟೆ, ಗದಗ ಜಿಲ್ಲೆಯದೋ ಆಗಿದ್ದರೆ, ಹೆಸರು ದಾಖಲಿಸಿಕೊಂಡ ಕಿರಿಯ ಆರೋಗ್ಯ ಸಹಾಯಕಿಯ ಪುಸ್ತಕದಲ್ಲಿ ಆಕೆ ಏಳನೇ ತಿಂಗಳಿಗೆ ಕಾಣೆಯಾಗುತ್ತಿದ್ದಳು, ತವರಿನ ಸಹಾಯಕಿಯ ಪುಸ್ತಕಕ್ಕೆ ಅವಳ ಹಿಂದಿನ ಚರಿತ್ರೆ ಬರುತ್ತಲೇ ಇರಲಿಲ್ಲ. ಹೆಣ್ಣಿಗೆ ಅತ್ಯಂತ ಆಸರೆ ಕೊಡುವ ತವರಿನ ಸಂಪ್ರದಾಯವೇ ಕಾರ್ಯಕ್ರಮದ ಲೆಕ್ಕದಲ್ಲಿ ಆಕೆಯನ್ನು 'ಸಂಪರ್ಕ ತಪ್ಪಿದವರ' ಕಾಲಮ್ಮಿಗೆ ನೂಕಿತು. ಊರಿನ ವಾಡಿಕೆಯನ್ನು ವಿಚಾರಿಸದೆ ರೂಪಿಸಿದ ನಮೂನೆಗೆ ಊರು ಹೊಂದಿಕೊಳ್ಳಲಿಲ್ಲವೆಂದು ಊರನ್ನೇ ದೂರಿದ ಸಂದರ್ಭಗಳಲ್ಲಿ ಇದೂ ಒಂದು.

ಎಚ್‌ಐವಿ ಪರೀಕ್ಷೆಯನ್ನು ಕೂರಿಸಬೇಕಾಗಿದ್ದ ಗರ್ಭಿಣಿ ಆರೈಕೆಯ ಸೇವೆ ಆಗ ಎಂಥ ಸ್ಥಿತಿಯಲ್ಲಿತ್ತೆಂಬುದಕ್ಕೆ ಕೊಪ್ಪಳದಲ್ಲಿ ಒಳ್ಳೆಯ ದಾಖಲೆ ಉಳಿದಿದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಗೀತಾ ಸೆನ್, ಅದಿತಿ ಅಯ್ಯರ್ ಮತ್ತು ಅವರ ಸಹೋದ್ಯೋಗಿಗಳು ಮಹಿಳಾ ಸಮಖ್ಯಾ ಕರ್ನಾಟಕದ ಜೊತೆಗೂಡಿ ಈ ಜಿಲ್ಲೆಯಲ್ಲಿ ಲಿಂಗ ಮತ್ತು ಆರೋಗ್ಯ ಸಮಾನತೆಯ ಕುರಿತು ದೀರ್ಘಕಾಲದ ಯೋಜನೆಯೊಂದನ್ನು ನಡೆಸಿದರು. ಅಲ್ಲಿನ ತಾಯಂದಿರ ಸಾವು ಏಕೆ ಕಡಿಮೆಯಾಗುತ್ತಿಲ್ಲವೆಂದು ಆಶಾ ಜಾರ್ಜ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಬೊಟ್ಟು ಮಾಡಿದ್ದು ಹೆಂಗಸರ ಕಡೆಗಲ್ಲ, ಸೇವೆಯ ಕಡೆಗೆ: ತಲೆಕೆಳಗಾದ ಆದ್ಯತೆಗಳು, ಹೆರಿಗೆ ಬೇಗ ಆಗಲೆಂದು ಎಗ್ಗಿಲ್ಲದೆ ಚುಚ್ಚುವ ಇಂಜೆಕ್ಷನ್ನುಗಳು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವ ದುರ್ಬಲ ಏರ್ಪಾಟು, ಸಿಬ್ಬಂದಿಯ ನಡುವೆ ಹೊಂದಾಣಿಕೆಯಿಲ್ಲದಿರುವುದು, ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲದಿರುವುದು. ಧನುರ್ವಾಯುವಿನ ಚುಚ್ಚುಮದ್ದು ಮತ್ತು ಕಬ್ಬಿಣಾಂಶದ ಗುಳಿಗೆ ದೊರೆತರೆ ಗರ್ಭಿಣಿಯ ತಪಾಸಣೆ ಮುಗಿಯಿತೆಂದು ಲೆಕ್ಕ ಹಾಕುವ, ರಕ್ತಹೀನತೆಯನ್ನೇ ಸರಿಯಾಗಿ ಗುರುತಿಸದ ಇಂಥ ವ್ಯವಸ್ಥೆಗೆ ಎಲ್ಲಕ್ಕಿಂತ ಸೂಕ್ಷ್ಮವಾದ, ಗುಟ್ಟು ಕಾಯಬೇಕಾದ, ಮಾತನಾಡಲು ಸಮಯ ಬೇಕಾದ ಪರೀಕ್ಷೆಯನ್ನು ವಹಿಸಲಾಯಿತು. ಈ ಹಿನ್ನೆಲೆಯನ್ನು ಬಿಟ್ಟು ಎಚ್‌ಐವಿ ಪರೀಕ್ಷೆಯ ಅಡೆತಡೆಗಳನ್ನು ಮಾತ್ರ ಪ್ರತ್ಯೇಕವಾಗಿ ಎಣಿಸುವುದು ವ್ಯರ್ಥ. ಹಿಮೋಗ್ಲೋಬಿನ್ ಅಳೆಯಲು ಎರಡು ಬಾರಿ ಬಸ್ಸು ಹತ್ತಬೇಕಾದ ಹೆಂಗಸು ಎಚ್‌ಐವಿಗಾಗಿ ಮೂರನೆಯ ಬಾರಿ ಬರಲಿಲ್ಲವೆಂದರೆ ಅದಕ್ಕೆ ಭಯದ ಸಿದ್ಧಾಂತವೇ ಬೇಕಾಗಿಲ್ಲ, ಒಂದು ದಿನದ ಕೂಲಿಯ ಲೆಕ್ಕ ಸಾಕು.

ಆದರೂ ಭಯವಿತ್ತು, ಮತ್ತು ಅದಕ್ಕೆ ಕಾರಣಗಳಿದ್ದವು. ಕಾರ್ಯಕ್ರಮದ ಮೊದಲ ಘಟ್ಟದಲ್ಲಿ ಪರೀಕ್ಷೆ ಸ್ವಇಚ್ಛೆಯದಾಗಿತ್ತು: ಆಪ್ತಸಮಾಲೋಚಕರು, ಎಂದರೆ ಪರೀಕ್ಷೆಗೆ ಮೊದಲೂ ಆಮೇಲೂ ಕೂರಿಸಿ ಮಾತನಾಡಲು ನೇಮಕಗೊಂಡ ತರಬೇತಿ ಪಡೆದ ಸಿಬ್ಬಂದಿ, ಸೋಂಕಿನ ಬಗ್ಗೆ ತಿಳಿಸಿ ಒಪ್ಪಿಗೆ ಪಡೆದ ಬಳಿಕವಷ್ಟೇ ರಕ್ತ ತೆಗೆಯಬೇಕಾಗಿತ್ತು. ಸ್ವಇಚ್ಛೆಯೆಂಬ ಈ ಕಲ್ಪನೆಯ ಹಿಂದೆ ತನ್ನ ದೇಹದ ಬಗ್ಗೆ ತಾನೇ ನಿರ್ಧರಿಸಬಲ್ಲ ಒಂಟಿ ವ್ಯಕ್ತಿಯ ಚಿತ್ರವಿತ್ತು. ಹದಿನೆಂಟು ತುಂಬುವ ಹೊತ್ತಿಗೆ, ಎಷ್ಟೋ ಸಲ ಅದಕ್ಕೂ ಮೊದಲೇ ಮದುವೆಯಾಗಿ, ಅತ್ತೆಯೊಂದಿಗೆ ಆಸ್ಪತ್ರೆಗೆ ಬಂದ, ಬಸ್ಸಿನ ದುಡ್ಡನ್ನೂ ಅತ್ತೆಯ ಸೆರಗಿನ ಗಂಟಿನಿಂದಲೇ ಪಡೆಯಬೇಕಾದ ಸೊಸೆಗೆ ಆ ಚಿತ್ರ ಹೊಂದುತ್ತಿರಲಿಲ್ಲ. ಮನೆಯವರನ್ನು ಕೇಳಿ ಹೇಳುತ್ತೇನೆ ಎಂಬ ಅವಳ ಉತ್ತರವನ್ನು ದಾಖಲೆಗಳು ನಿರಾಕರಣೆಯೆಂದು ಬರೆದುಕೊಂಡವು. ಗಂಡ ಗುಳೆ ಹೋಗಿದ್ದರೆ ಕೇಳುವುದಾದರೂ ಯಾರನ್ನು? ಅತ್ತೆಯನ್ನು ಕೇಳಿದರೆ, ಬೇರೆ ಯಾವ ಬಸುರಿಗೂ ಬೇಡವಾದ ಪರೀಕ್ಷೆ ನಿನಗೇಕೆ ಎಂಬ ಸಂಶಯ ಮೊದಲು ಏಳುತ್ತಿತ್ತು. ಪರೀಕ್ಷಾ ಕೇಂದ್ರದ ಬಾಗಿಲ ಮೇಲಿನ ಫಲಕ, ಕೆಂಪು ರಿಬ್ಬನ್ನಿನ ಚಿಹ್ನೆ, ಆ ಕೋಣೆಯ ಎದುರಿನ ಬೆಂಚು, ಇವೆಲ್ಲ ಎಲ್ಲರೂ ಎಲ್ಲರನ್ನೂ ಬಲ್ಲ ತಾಲ್ಲೂಕು ಆಸ್ಪತ್ರೆಯಲ್ಲಿ ಗುಟ್ಟು ಉಳಿಯುವುದೆಂಬ ಮಾತನ್ನು ನಂಬದಂತೆ ಮಾಡುತ್ತಿದ್ದವು.

ಫಲಿತಾಂಶ ತಿಳಿದ ಮೇಲಿನ ಸ್ಥಿತಿ ಇನ್ನೂ ಕಠಿಣ. ಕುಟುಂಬದಲ್ಲಿ ಎಚ್‌ಐವಿ ಪರೀಕ್ಷೆಗೆ ಮೊದಲು ಒಳಗಾಗುತ್ತಿದ್ದವಳು ಬಸುರಿಯೇ. ಆದ್ದರಿಂದ ಸೋಂಕು ಗಂಡನಿಂದ ಬಂದಿದ್ದರೂ ಮನೆಗೆ ಅದರ ಸುದ್ದಿಯನ್ನು ತರುತ್ತಿದ್ದವಳು ಹೆಂಡತಿ, ಮತ್ತು ಸುದ್ದಿ ತಂದವಳೇ ರೋಗ ತಂದವಳೂ ಆಗುತ್ತಿದ್ದಳು. ತವರಿಗೆ ಅಟ್ಟುವುದು, ಗಂಡ ತೀರಿಕೊಂಡಾಗ ಆಸ್ತಿಯ ಪಾಲು ನಿರಾಕರಿಸುವುದು, ಮಗುವನ್ನು ಕಸಿದುಕೊಳ್ಳುವುದು ಮೊದಲಾದವು ಉತ್ತರ ಕರ್ನಾಟಕದಲ್ಲಿ ಸೋಂಕಿತ ಮಹಿಳೆಯರ ಜೊತೆ ಕೆಲಸ ಮಾಡಿದವರೆಲ್ಲ ಕಂಡ ಸಂಗತಿಗಳು. ಹಾಲುಣಿಸುವ ಪ್ರಶ್ನೆಯಂತೂ ಗುಟ್ಟಿನ ಕೊನೆಯ ಎಳೆಯನ್ನೂ ಹರಿಯುವಂಥದು. ಎದೆಹಾಲಿನಿಂದಲೂ ಸೋಂಕು ದಾಟುವುದರಿಂದ ಅನುಕೂಲವಿದ್ದವರು ಹೊರಗಿನ ಹಾಲು ಕೊಡಬೇಕೆಂಬ ಸಲಹೆ ಆ ಕಾಲದಲ್ಲಿತ್ತು. ಶುದ್ಧ ನೀರಿಲ್ಲದ, ಫ್ಲೋರೈಡ್ ಮಿಶ್ರಿತ ಕೊಳವೆಬಾವಿಗಳ ಹಳ್ಳಿಯಲ್ಲಿ ಡಬ್ಬಿಹಾಲು ಮಗುವಿನ ಜೀವಕ್ಕೇ ಎರವಾಗಬಹುದಿತ್ತು, ಮೊಲೆಯೂಡದ ಬಾಣಂತಿಯನ್ನು ಓಣಿಯ ಹೆಂಗಸರೆಲ್ಲ ಏಕೆಂದು ಕೇಳದೆ ಬಿಡುತ್ತಿರಲಿಲ್ಲ. ಔಷಧದ ರಕ್ಷಣೆಯೊಂದಿಗೆ ಎದೆಹಾಲನ್ನೇ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದ್ದು 2010ರಲ್ಲಿ.

ಇಷ್ಟೆಲ್ಲ ಬೆಲೆ ತೆರಬೇಕಾದ ಪರೀಕ್ಷೆಯಿಂದ ಆಕೆಗೆ ಸಿಗುತ್ತಿದ್ದುದೇನು ಎಂದು ಕೇಳಿದರೆ, 2004ರವರೆಗೆ, ಏನೂ ಇಲ್ಲವೆಂದೇ ಹೇಳಬೇಕು. ಮಗುವಿಗೆ ಸೋಂಕು ತಗಲುವ ಸಾಧ್ಯತೆ ಅರ್ಧದಷ್ಟು ಕಡಿಮೆಯಾಗುತ್ತಿತ್ತು. ತಾಯಿಯ ಕಾಯಿಲೆಗೆ ಸರ್ಕಾರದ ಬಳಿ ಔಷಧವಿರಲಿಲ್ಲ. ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಎಂಬ ಸಂಯುಕ್ತ ಔಷಧಗಳ ಉಚಿತ ವಿತರಣೆ 2004ರ ಏಪ್ರಿಲ್ 1ರಂದು ದೇಶದ ಎಂಟು ಆಸ್ಪತ್ರೆಗಳಲ್ಲಿ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಕೊಪ್ಪಳದವರಿಗೆ ಅದು ಒಂದು ರಾತ್ರಿಯ ಪ್ರಯಾಣ. ಅಲ್ಲಿಗೆ ಹೋದರೂ ಸಿಡಿ4 ಎಂಬ ರೋಗನಿರೋಧಕ ಕಣಗಳ ಸಂಖ್ಯೆ 200ಕ್ಕಿಂತ ಕೆಳಗೆ ಇಳಿದವರಿಗೆ ಅಥವಾ ಕಾಯಿಲೆ ಬಲಿತವರಿಗೆ ಮಾತ್ರ ಔಷಧ ಎಂಬ ನಿಯಮವಿತ್ತು. ಮೈಯಲ್ಲಿ ಶಕ್ತಿ ಇರುವ ಬಸುರಿ ಇನ್ನಷ್ಟು ದುರ್ಬಲಳಾಗುವ ತನಕ ಕಾಯಬೇಕಾಗಿತ್ತು. ಮೇಲಾಗಿ, ಒಂದೇ ಮಾತ್ರೆಯ ನೆವಿರಪಿನ್ ಪಡೆದ ತಾಯಂದಿರ ಮೈಯಲ್ಲಿ ಆ ಔಷಧಕ್ಕೆ ಬಗ್ಗದ ವೈರಾಣು ಬೆಳೆದು, ಮುಂದೆ ಅವರ ಸ್ವಂತ ಚಿಕಿತ್ಸೆಗೇ ತೊಡಕಾಗಬಹುದೆಂಬುದೂ ಆ ವರ್ಷಗಳಲ್ಲಿ ಬೆಳಕಿಗೆ ಬಂದಿತು. ತಾಯಿಯನ್ನು ಮಗುವಿನ ಪಾತ್ರೆಯೆಂದು ಮಾತ್ರ ಕಂಡ ಕಾರ್ಯಕ್ರಮದಲ್ಲಿ ಪಾಲ್ಗೊಳ್ಳಲು ಹಿಂಜರಿದ ಹೆಂಗಸಿನ ಅಜ್ಞಾನಕ್ಕಿಂತ ಆಕೆಯ ವಿವೇಕವೇ ಇಲ್ಲಿ ಎದ್ದು ಕಾಣುತ್ತದೆ.

ಈ ನಡುವಿನ ಕಂದರವನ್ನು ತುಂಬಲು ಮೊದಲು ಯತ್ನಿಸಿದವು ಸ್ವಯಂಸೇವಾ ಸಂಸ್ಥೆಗಳು. ರಾಯಚೂರು ಸೀಮೆಯಲ್ಲಿ ಬೇರೂರಿದ್ದ ಸಮೂಹ ಸಂಸ್ಥೆಯ ಎಚ್‌ಐವಿ ವಿಭಾಗವಾಗಿ 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂರಕ್ಷವು ಮುಂದೆ ಕೊಪ್ಪಳ ಜಿಲ್ಲೆಯಲ್ಲಿ ಆಪ್ತಸಮಾಲೋಚನೆ ಮತ್ತು ಆರೈಕೆಯ ಕೆಲಸ ಕೈಗೊಂಡಿತು. ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯ ಏಡ್ಸ್ ಸೊಸೈಟಿಯ ಸಹಯೋಗದಲ್ಲಿ 2003ರಲ್ಲಿ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ಉತ್ತರದ ಜಿಲ್ಲೆಗಳಲ್ಲಿ ಹಳ್ಳಿಯವರನ್ನೇ ಸಂಪರ್ಕ ಕಾರ್ಯಕರ್ತರನ್ನಾಗಿ ತರಬೇತುಗೊಳಿಸಿತು. ಇವರು ಕಲಿತ ಪಾಠ ಸಣ್ಣದೆನಿಸಿದರೂ ಕಾರ್ಯಕ್ರಮದ ನಕ್ಷೆಯಲ್ಲಿ ಇಲ್ಲದ್ದಾಗಿತ್ತು: ಅತ್ತೆಯೊಂದಿಗೆ ಮೊದಲು ಮಾತನಾಡಬೇಕು, ಬಸುರಿಯರ ಗುಂಪಿನಲ್ಲಿ ಎಲ್ಲರಿಗೂ ಒಟ್ಟಿಗೇ ವಿಷಯ ತಿಳಿಸಬೇಕು, ಪಾಸಿಟಿವ್ ಬಂದವಳ ಜೊತೆ ಅದೇ ದಾರಿ ನಡೆದು ಬಂದ ಇನ್ನೊಬ್ಬ ತಾಯಿ ಆಸ್ಪತ್ರೆಯವರೆಗೆ ಹೋಗಬೇಕು.

ಖಾಸಗಿ ನರ್ಸಿಂಗ್ ಹೋಮುಗಳ ಕಥೆ ಸರ್ಕಾರಿ ದಾಖಲೆಗಳ ಆಚೆಗೇ ಉಳಿದಿದೆ. ಹೆರಿಗೆಗೋ ಸಿಸೇರಿಯನ್‌ಗೋ ಮುಂಚೆ ರೋಗಿಗೆ ಹೇಳದೆಯೇ ಎಚ್‌ಐವಿ ಪರೀಕ್ಷೆ ಮಾಡಿ, ಪಾಸಿಟಿವ್ ಎಂದು ಕಂಡರೆ ಕಾರಣ ತಿಳಿಸದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎನ್ನುವ, ಅಥವಾ ಗಂಡನಿಗೋ ಮಾವನಿಗೋ ಮಾತ್ರ ತಿಳಿಸುವ ಅಭ್ಯಾಸ ದೇಶದ ಎಲ್ಲೆಡೆಯಂತೆ ಸಣ್ಣ ಪಟ್ಟಣಗಳಲ್ಲೂ ಇತ್ತು. ಅಲ್ಲಿ ಪರೀಕ್ಷೆಗೆ ತಡೆಯೇ ಇರಲಿಲ್ಲ; ಒಪ್ಪಿಗೆ, ಸಮಾಲೋಚನೆ, ಔಷಧಗಳೂ ಇರಲಿಲ್ಲ. ಪರೀಕ್ಷೆಗಳ ಸಂಖ್ಯೆಯನ್ನೇ ಯಶಸ್ಸಿನ ಅಳತೆಯಾಗಿಸುವವರು ಈ ಉದಾಹರಣೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

2005ರಿಂದ 2010ರವರೆಗಿನ ಅವಧಿಯಲ್ಲಿ ಸ್ಥಿತಿ ವೇಗವಾಗಿ ಬದಲಾಯಿತು, ಮತ್ತು ಆ ಬದಲಾವಣೆಯ ದೊಡ್ಡ ಪಾಲು ಎಚ್‌ಐವಿ ಕಾರ್ಯಕ್ರಮದ ಹೊರಗಿನಿಂದ ಬಂದಿತು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ, ರಾಜ್ಯದ ಮಡಿಲು ಕಿಟ್, 2008ರಲ್ಲಿ ಆರಂಭವಾದ 108 ಆಂಬುಲೆನ್ಸ್, ಗರ್ಭಿಣಿಯ ಚರಿತ್ರೆಯನ್ನು ಆಕೆಯ ಕೈಯಲ್ಲೇ ಇರಿಸಿದ ತಾಯಿ ಕಾರ್ಡ್, ಇವೆಲ್ಲ ಸೇರಿ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದವು. ತಾಯಿ ಕಾರ್ಡ್ ಬಂದ ಮೇಲೆ ತವರಿಗೆ ಹೋದ ಬಸುರಿಯ ಜೊತೆಗೆ ಅವಳ ದಾಖಲೆಯೂ ಪ್ರಯಾಣಿಸತೊಡಗಿದ್ದು ಮೇಲೆ ಹೇಳಿದ ತೊಡಕಿಗೆ ಸಿಕ್ಕ ಮೊದಲ ನಿಜವಾದ ಪರಿಹಾರ. ಅತ್ತ ಎಚ್‌ಐವಿ ಕಾರ್ಯಕ್ರಮವೂ 2006ರ ಸುಮಾರಿಗೆ ಬೇರೆ ಬೇರೆಯಾಗಿದ್ದ ತನ್ನ ಕೇಂದ್ರಗಳನ್ನು ಒಗ್ಗೂಡಿಸಿ ಐಸಿಟಿಸಿ, ಅಂದರೆ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳನ್ನಾಗಿಸಿ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳಿಗೆ ಒಯ್ದಿತು. ಮುಂದೆ ಬೆರಳು ಚುಚ್ಚಿ ಒಂದು ಹನಿ ರಕ್ತದಿಂದ ನಿಮಿಷಗಳಲ್ಲಿ ಪ್ರಾಥಮಿಕ ಫಲಿತಾಂಶ ನೀಡುವ ಕಿಟ್ ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಾಯಕಿಯ ಕೈಗೂ ಬಂದಿತು. ಅದರಲ್ಲಿ ಸೋಂಕಿನ ಸೂಚನೆ ಸಿಕ್ಕರೆ ಮಾತ್ರ ಖಚಿತಪಡಿಸಿಕೊಳ್ಳಲು ಐಸಿಟಿಸಿಗೆ ಹೋದರಾಯಿತು.

ಒಪ್ಪಿಗೆಯ ಸ್ವರೂಪವೂ ಇದೇ ಕಾಲದಲ್ಲಿ ಮಗ್ಗುಲು ಬದಲಿಸಿತು. ಬೇಕೇ ಎಂದು ಕೇಳಿ ಹೌದೆಂದವರಿಗೆ ಮಾತ್ರ ಮಾಡುವ ಕ್ರಮದ ಬದಲು ಎಲ್ಲರಿಗೂ ಮಾಡಲಾಗುವುದೆಂದು ತಿಳಿಸಿ, ಬೇಡವೆಂದವರನ್ನು ಬಿಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಶಿಫಾರಸು ಮಾಡಿತು, ಭಾರತವೂ ಗರ್ಭಿಣಿಯರ ವಿಷಯದಲ್ಲಿ ಅದನ್ನೇ ಅನುಸರಿಸಿತು. ಇದರಿಂದ ಒಂದು ದೊಡ್ಡ ಲಾಭವಾಯಿತೆಂಬುದನ್ನು ಒಪ್ಪಲೇಬೇಕು: ಎಲ್ಲ ಬಸುರಿಯರಿಗೂ ಮಾಡುವ ಪರೀಕ್ಷೆ ಯಾರೊಬ್ಬಳ ನಡತೆಯ ಬಗ್ಗೆಯೂ ಏನನ್ನೂ ಸೂಚಿಸುವುದಿಲ್ಲ, ಹಾಗಾಗಿ ಅತ್ತೆಯ ಸಂಶಯಕ್ಕೆ ಎಡೆಯಿಲ್ಲದಾಯಿತು. ಆದರೆ ಸಿಸ್ಟರ್ ಹೇಳಿದ್ದಕ್ಕೆ ಬೇಡವೆನ್ನುವ ಧೈರ್ಯ ಎಷ್ಟು ಬಸುರಿಯರಿಗಿರುತ್ತದೆ? ಹಿಮೋಗ್ಲೋಬಿನ್, ಸಕ್ಕರೆ, ಸಿಫಿಲಿಸ್‌ಗಳ ಜೊತೆ ಎಚ್‌ಐವಿಗೂ ಒಂದೇ ಬಾರಿ ರಕ್ತ ತೆಗೆಯುವಾಗ ಅದು ಯಾವುದಕ್ಕೆಂದು ಕೇಳದೆ, ಹೇಳದೆ ನಡೆದುಹೋಗುವುದು ಸುಲಭ. ಕಣ್ಗಾವಲು ಸಮೀಕ್ಷೆಯ ಕಾಲದಲ್ಲಿ ಅವಳ ಹೆಸರು ಅಳಿಸಿ ಪರೀಕ್ಷಿಸಿದರು. ಈಗ ಹೆಸರು ಉಳಿಸಿಕೊಂಡು, ಮಾತನ್ನು ಕಡಿಮೆ ಮಾಡಿ ಪರೀಕ್ಷಿಸತೊಡಗಿದರು.

ನಿರ್ಣಾಯಕವಾದ ತಿರುವು ಔಷಧದಿಂದಲೇ ಬಂದಿತು. ಒಂಟಿ ನೆವಿರಪಿನ್ ಮಾತ್ರೆಯನ್ನು ಕೈಬಿಟ್ಟು ಬಹುಔಷಧ ಚಿಕಿತ್ಸೆಗೆ ಹೊರಳುವ ಕೆಲಸ ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ 2012ರಲ್ಲಿ ಮೊದಲುಗೊಂಡಿತು. 2013ರ ಡಿಸೆಂಬರಿನ ರಾಷ್ಟ್ರೀಯ ಮಾರ್ಗಸೂಚಿ ಸಿಡಿ4 ಎಷ್ಟೇ ಇರಲಿ, ಸೋಂಕಿತ ಗರ್ಭಿಣಿಗೆ ಆ ದಿನದಿಂದಲೇ ಮೂರು ಔಷಧಗಳ ಎಆರ್‌ಟಿಯನ್ನು ಆರಂಭಿಸಿ ಬದುಕಿರುವವರೆಗೂ ಮುಂದುವರಿಸಬೇಕೆಂದು ವಿಧಿಸಿತು. ಮಗುವಿಗೆ ಸೋಂಕು ದಾಟುವ ಸಾಧ್ಯತೆ ಇದರಿಂದ ಶೇ. 5ಕ್ಕಿಂತ ಕೆಳಗೆ ಇಳಿಯಬಲ್ಲದು. ಆರು ವಾರದ ಕೂಸಿನ ಹಿಮ್ಮಡಿಯಿಂದ ಕಾಗದದ ಮೇಲೆ ಒತ್ತಿಕೊಂಡ ರಕ್ತದ ಚುಕ್ಕೆಗಳಿಂದಲೇ ಸೋಂಕನ್ನು ಪತ್ತೆ ಮಾಡುವ ವ್ಯವಸ್ಥೆಯೂ 2010ರಿಂದಾಚೆಗೆ ಬಂದದ್ದರಿಂದ, ಹದಿನೆಂಟು ತಿಂಗಳು ಕಾಯುವ ಯಾತನೆ ಕಡಿಮೆಯಾಯಿತು. ಕೊಪ್ಪಳದ ಜಿಲ್ಲಾ ಕೇಂದ್ರದಲ್ಲೇ ಎಆರ್‌ಟಿ ಸಿಗುವಂತಾದ ಮೇಲೆ ಪರೀಕ್ಷೆಯ ಅರ್ಥವೇ ಬದಲಾಯಿತೆನ್ನಬಹುದು: ಮೊದಲ ಬಾರಿಗೆ, ರಕ್ತ ಕೊಟ್ಟವಳಿಗೆ ಅದರಿಂದ ತನ್ನ ಆಯುಷ್ಯವೂ ದೊರೆಯುವಂತಾಯಿತು. ಇದಾದ ಮೇಲೆ ಹಿಂಜರಿಕೆ ಕರಗಿದ ವೇಗವನ್ನು ನೋಡಿದರೆ, ಹಿಂದಿನ ನಿರಾಕರಣೆಗಳಿಗೆ ಎಷ್ಟು ಮಟ್ಟಿಗೆ ಚಿಕಿತ್ಸೆಯ ಗೈರುಹಾಜರಿ ಕಾರಣವಾಗಿತ್ತೆಂಬುದು ಅರಿವಾಗುತ್ತದೆ. ರಾಜ್ಯದ ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣವೂ ಇಳಿಯುತ್ತ ಬಂದು 2012–13ರ ಸಮೀಕ್ಷೆಯ ಹೊತ್ತಿಗೆ ಶೇ. 0.53ಕ್ಕೆ ತಲುಪಿತ್ತು.

ಕಾನೂನು ಎಲ್ಲಕ್ಕಿಂತ ತಡವಾಗಿ ಬಂದಿತು. ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಯಾರನ್ನೂ ಎಚ್‌ಐವಿ ಪರೀಕ್ಷೆಗೆ ಒಳಪಡಿಸುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಚಿಕಿತ್ಸೆ, ಉದ್ಯೋಗ, ವಾಸವನ್ನು ನಿರಾಕರಿಸುವಂತಿಲ್ಲ ಎಂದು ವಿಧಿಸಿದ 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ನಾಡಿನ ಬಸುರಿಯರ ರಕ್ತ ಪ್ರಯೋಗಾಲಯಕ್ಕೆ ಹೋಗತೊಡಗಿ ಅಷ್ಟು ಹೊತ್ತಿಗೆ ಎರಡು ದಶಕಗಳಾಗಿದ್ದವು.

ಗುಳೆಯ ಪ್ರಶ್ನೆಗೆ ಮಾತ್ರ ಇಂದಿಗೂ ಪೂರ್ಣ ಉತ್ತರ ಸಿಕ್ಕಿಲ್ಲ. ಸೋಂಕು ತಗಲಿದ ಹೊಸದರಲ್ಲಿ ಅದು ಪರೀಕ್ಷೆಗೆ ಸಿಗದ ಕೆಲವು ವಾರಗಳ ಕಾಲವಿರುತ್ತದೆ. ಇದನ್ನು ವೈದ್ಯರು ಗವಾಕ್ಷಿ ಅವಧಿ ಎನ್ನುತ್ತಾರೆ. ಅದಲ್ಲದೆ, ಮೂರನೇ ತಿಂಗಳಲ್ಲಿ ನೆಗೆಟಿವ್ ಎಂದು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡ ಕುಷ್ಟಗಿಯ ಬಸುರಿಯ ಗಂಡ ಐದನೇ ತಿಂಗಳಲ್ಲಿ ಗೋವಾದಿಂದ ಮರಳಿದರೆ ಆ ಬರಹಕ್ಕೆ ಬೆಲೆ ಉಳಿಯುವುದಿಲ್ಲ, ಮತ್ತು ಗರ್ಭಾವಸ್ಥೆಯಲ್ಲಿ ಹೊಸದಾಗಿ ತಗಲಿದ ಸೋಂಕು ಮಗುವಿಗೆ ದಾಟುವ ಅಪಾಯ ಹಳೆಯ ಸೋಂಕಿಗಿಂತ ಹೆಚ್ಚು. ಪ್ರತಿಯೊಬ್ಬ ಗರ್ಭಿಣಿಯೂ ಪರೀಕ್ಷೆಗೆ ಒಳಗಾಗಬೇಕೆಂಬುದು ಈಗ ಕಾರ್ಯಕ್ರಮದ ಗುರಿ. ಆಕೆಯ ಗಂಡನನ್ನು ಪರೀಕ್ಷೆಗೆ ಕರೆಯುವುದು ವಾಡಿಕೆಯಾಗಿ ನಡೆಯುವುದು ಆಕೆಯ ಫಲಿತಾಂಶ ಪಾಸಿಟಿವ್ ಬಂದ ಮೇಲೆ.